ಪಟ್ಟಿಯ ಪದ, ವಾಕ್ಯದ ಪದ: ಚೀನೀ ಭಾಷಿಕರ ಇಂಗ್ಲಿಷ್ ಓದು-ಪರೀಕ್ಷೆ ತಯಾರಿಯನ್ನು ಗಡಿನಾಡಿನಿಂದ ನೋಡಿದಾಗ

ಗಡಿಯಾಚೆಗಿನ ಕನ್ನಡದ ಬಗ್ಗೆ ನಡೀತಿರುವ ಮಾತುಕತೆಯಲ್ಲಿ ಚೀನಾ ಎಲ್ಲಿಂದ ಬಂತು ಅಂತ ಕೆಲವರಿಗೆ ಅನ್ನಿಸಬಹುದು. ಕಾರಣ ಇಷ್ಟೇ. ಕಾಸರಗೋಡಿರಲಿ, ಜತ್ತ ಇರಲಿ, ತಾಳವಾಡಿ ಇರಲಿ, ಕನ್ನಡ ಮಾಧ್ಯಮದಲ್ಲಿ ಓದಿ ಮೇಲೆ ಬಂದ ನಮ್ಮ ಹುಡುಗ ಹುಡುಗಿಯರು ಜಿಆರ್‌ಇ, ಐಇಎಲ್‌ಟಿಎಸ್, ಟೋಫೆಲ್ ಅಂತ ಹೊರಟಾಗ ಅವರಿಗೆ ಸಿಗುವ ಸಲಹೆ ಒಂದೇ: "ನಿನ್ನ ಇಂಗ್ಲಿಷ್ ವೀಕು, ದಿನಕ್ಕೆ 50 ಪದ ಉರು ಹೊಡಿ." ಈ ಸಲಹೆಯನ್ನು ಅತ್ಯಂತ ನಿಷ್ಠೆಯಿಂದ, ದಶಕಗಳ ಕಾಲ ಪಾಲಿಸಿದವರು ಚೀನಾದ ವಿದ್ಯಾರ್ಥಿಗಳು. ಅದರಿಂದ ಅವರಿಗೆ ಏನು ದಕ್ಕಿತು, ಎಲ್ಲಿ ಕೈಕೊಟ್ಟಿತು ಅನ್ನೋದನ್ನು ನೋಡಿದರೆ ನಮ್ಮ ದಾರಿ ಸ್ವಲ್ಪ ತಿಳಿಯಾಗುತ್ತೆ. ಇವತ್ತಿನ ನನ್ನ ಮಾತು ಬಹುಪಾಲು ಅವರ ಬಗ್ಗೆಯೇ. ನಮ್ಮ ವಿಷಯಕ್ಕೆ ಕೊನೆಯಲ್ಲಿ ಬರ್ತೀನಿ.

1. ಪರೀಕ್ಷೆಗಳ ಸ್ವರೂಪ

ಚೀನಾದಲ್ಲಿ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆಗೆ 'ಗಾವ್‌ಖಾವ್' ಅಂತಾರೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ನಿಂತುಹೋಗಿದ್ದ ಅದು 1977ರಲ್ಲಿ ಮತ್ತೆ ಶುರುವಾಯಿತು. ಈಗ ಅದರಲ್ಲಿ ಚೀನೀ ಭಾಷೆ, ಗಣಿತ, ವಿದೇಶಿ ಭಾಷೆ ಮೂರಕ್ಕೂ ತಲಾ 150 ಅಂಕ. ವಿದೇಶಿ ಭಾಷೆ ಅಂದರೆ ಹೆಚ್ಚಿನವರಿಗೆ ಇಂಗ್ಲಿಷೇ. ಕಾಲೇಜಿಗೆ ಬಂದ ಮೇಲೆ 'ಕಾಲೇಜ್ ಇಂಗ್ಲಿಷ್ ಟೆಸ್ಟ್' ಬರುತ್ತೆ. ನಾಲ್ಕನೇ ಹಂತದ್ದು 1987ರಲ್ಲಿ, ಆರನೇ ಹಂತದ್ದು 1989ರಲ್ಲಿ ಆರಂಭವಾದವು. ಒಟ್ಟು 710 ಅಂಕ. ನಾಲ್ಕನೇ ಹಂತದಲ್ಲಿ 425 ಬಂದರೆ ಆರನೆಯದಕ್ಕೆ ಕೂರಬಹುದು. ಒಂದು ಕಾಲಕ್ಕೆ ಹಲವು ವಿಶ್ವವಿದ್ಯಾಲಯಗಳು ನಾಲ್ಕನೇ ಹಂತ ದಾಟದವರಿಗೆ ಪದವಿಯನ್ನೇ ಕೊಡ್ತಿರಲಿಲ್ಲ. ಎಂಜಿನಿಯರಿಂಗ್ ಓದಿದವನಿಗೂ ಇದೇ ಬಾಗಿಲು.

ಈ ಪರೀಕ್ಷೆಯಲ್ಲಿ ಓದಿಗೆ ಶೇ. 35 ಪಾಲು. 40 ನಿಮಿಷ, 30 ಪ್ರಶ್ನೆ. ಮೊದಲ ಭಾಗದಲ್ಲಿ 15 ಪದಗಳ ಪಟ್ಟಿಯಿಂದ 10 ಖಾಲಿ ಜಾಗ ತುಂಬಬೇಕು. ಎರಡನೆಯದರಲ್ಲಿ ಉದ್ದದ ಲೇಖನವೊಂದರ ಯಾವ ಪ್ಯಾರಾದಲ್ಲಿ ಯಾವ ಮಾಹಿತಿ ಇದೆ ಅಂತ ಹೊಂದಿಸಬೇಕು. ಮೂರನೆಯದು ಎರಡು ಸಣ್ಣ ಲೇಖನಗಳ ನಿಕಟ ಓದು. ಸ್ನಾತಕೋತ್ತರ ಪ್ರವೇಶಕ್ಕೆ ಬರೆಯುವ 'ಖಾವ್‌ಯಾನ್' ಪರೀಕ್ಷೆ ಇನ್ನೂ ಬಿಗಿ. ಅದರ ಇಂಗ್ಲಿಷ್ ಪಠ್ಯಕ್ರಮದಲ್ಲಿ ಸುಮಾರು 5,500 ಪದಗಳಿವೆ. ನಾಲ್ಕು ಲೇಖನಗಳ ಮೇಲಿನ 20 ಪ್ರಶ್ನೆಗಳಿಗೇ 40 ಅಂಕ. ಇದೆಲ್ಲದರ ಆಚೆ, ಹೊರದೇಶಕ್ಕೆ ಹೋಗುವವರಿಗೆ ಜಿಆರ್‌ಇ.

ಇಲ್ಲಿ ಒಂದು ವಿಷಯ ಗಮನಿಸಿ. ಈ ಯಾವ ಪರೀಕ್ಷೆಯೂ "ಈ ಪದದ ಅರ್ಥವೇನು" ಅಂತ ವಾಕ್ಯದಿಂದ ಬಿಡಿಸಿ ಕೇಳಲ್ಲ. ಪದ ಕೂತಿರುವ ವಾಕ್ಯದೊಳಗೆ ಅದು ಮಾಡುವ ಕೆಲಸವನ್ನು ಕೇಳುತ್ತೆ.

2. ಎಷ್ಟು ಪದ ಬೇಕು?

ಪದಗಳೇ ಬೇಡ ಅಂತ ನಾನು ಹೇಳ್ತಾ ಇಲ್ಲ. ಮಾರ್ಸೆಲಾ ಹು ಮತ್ತು ಪಾಲ್ ನೇಷನ್ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪಠ್ಯದ ಶೇ. 80ರಷ್ಟು ಪದ ಮಾತ್ರ ಗೊತ್ತಿದ್ದವರಲ್ಲಿ ಯಾರಿಗೂ ಅದು ಸಾಕಷ್ಟು ಅರ್ಥವಾಗಲಿಲ್ಲ. ಆರಾಮಾಗಿ ಓದಬೇಕಾದರೆ ಶೇ. 98ರಷ್ಟು ಗೊತ್ತಿರಬೇಕು ಅನ್ನೋದು ಅವರ ಅಂದಾಜು. ಅಂದರೆ 500 ಪದಗಳ ಲೇಖನದಲ್ಲಿ ಗೊತ್ತಿಲ್ಲದ್ದು ಹತ್ತೇ ಹತ್ತು. ಶೇ. 95 ಅಂದರೆ ಆ ಹತ್ತು ಇಪ್ಪತ್ತೈದಾಗುತ್ತೆ. ನೇಷನ್ 2006ರಲ್ಲಿ ಲೆಕ್ಕ ಹಾಕಿದ ಪ್ರಕಾರ, ಪತ್ರಿಕೆ ಕಾದಂಬರಿಗಳಲ್ಲಿ ಶೇ. 98 ಮುಟ್ಟಲು 8,000ದಿಂದ 9,000 ಪದಕುಟುಂಬಗಳು ಬೇಕು. ಪದಕುಟುಂಬ ಅಂದರೆ ಮೂಲಪದ ಮತ್ತು ಅದರಿಂದ ಹುಟ್ಟಿದ್ದೆಲ್ಲ: ಡಿಸೈಡ್, ಡಿಸಿಷನ್, ಡಿಸೈಸಿವ್, ಇನ್‌ಡಿಸೈಸಿವ್, ಹೀಗೆ.

ಇದರ ಜೊತೆ ಇನ್ನೊಂದು ಸಂಖ್ಯೆ ಇಟ್ಟುಕೊಳ್ಳಿ. ಏವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಮಾಡಿದ ಶೈಕ್ಷಣಿಕ ಪದಪಟ್ಟಿಯಲ್ಲಿ ಇರೋದು 570 ಪದಕುಟುಂಬ ಮಾತ್ರ. ಆದರೆ ಶೈಕ್ಷಣಿಕ ಬರಹದ ಸುಮಾರು ಶೇ. 10ರಷ್ಟನ್ನು ಅವೇ ತುಂಬುತ್ತವೆ. ಆದ್ದರಿಂದ ಎಲ್ಲ ಪದಕ್ಕೂ ಒಂದೇ ಬೆಲೆ ಇಲ್ಲ. ಅಕಾರಾದಿ ಪಟ್ಟಿಯ ಮೊದಲ ದೋಷ ಇಲ್ಲೇ ಇದೆ: ಅದು ಅಪರೂಪದ ಪದವನ್ನೂ ದಿನಬಳಕೆಯ ಪದವನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತೆ.

3. ಚೀನೀ ಭಾಷಿಕರಿಗೆ ಎಲ್ಲಿ ಕಷ್ಟ?

ಸ್ಪ್ಯಾನಿಷ್ ಬಲ್ಲವನಿಗೆ ಲ್ಯಾಟಿನ್ ಮೂಲದ ಇಂಗ್ಲಿಷ್ ಪದಗಳು ಅರ್ಧ ಪರಿಚಯದವು. ಚೀನೀ ಭಾಷಿಕನಿಗೆ ಆ ಸೌಲಭ್ಯ ಇಲ್ಲ. ಚೀನೀ ಭಾಷೆ ಹೊರಗಿನ ಪದವನ್ನು ಉಚ್ಚಾರಣೆ ಸಮೇತ ಒಳಗೆ ಬಿಡೋದು ಕಡಿಮೆ, ಅರ್ಥ ಬಿಡಿಸಿ ತನ್ನದೇ ಪದ ಕಟ್ಟುತ್ತೆ. ಟೆಲಿಫೋನ್ ಅದಕ್ಕೆ 'ವಿದ್ಯುತ್-ಮಾತು' (ತ್ಯೆನ್‌ಹ್ವಾ), ಕಂಪ್ಯೂಟರ್ 'ವಿದ್ಯುತ್-ಮಿದುಳು' (ತ್ಯೆನ್‌ನಾವ್). ಹೃದ್ರೋಗಶಾಸ್ತ್ರ ಅನ್ನೋದು ಚೀನೀ ಭಾಷೆಯಲ್ಲಿ ಹೃದಯ, ರೋಗ, ಶಾಸ್ತ್ರ ಅಂತ ಬಿಡಿಬಿಡಿಯಾಗಿ ಕಾಣುತ್ತೆ. ಹೀಗೆ ಪಾರದರ್ಶಕ ಪದಗಳಿಗೆ ಒಗ್ಗಿದವನಿಗೆ 'ಕಾರ್ಡಿಯಾಲಜಿ' ಗೋಡೆಯ ಹಾಗೆ. ಆ ಗೋಡೆ ಒಡೆಯಲು ಅವರು ಹಿಡಿದ ಉಪಾಯ ಪದದ ಬೇರು, ಪ್ರತ್ಯಯಗಳನ್ನು ಬಿಡಿಸೋದು. ಅದು ಅವರಿಗೆ ಸಹಜವಾಗಿ ಹೊಂದುತ್ತೆ, ಯಾಕಂದರೆ ಅವರ ಲಿಪಿಯಲ್ಲೂ ಅಂಥದ್ದೇ ಇದೆ: ನದಿ, ಸರೋವರ, ಸಮುದ್ರ ಈ ಮೂರರ ಅಕ್ಷರಗಳ ಎಡಗಡೆಯೂ ನೀರನ್ನು ಸೂಚಿಸುವ ಮೂರು ಚುಕ್ಕೆ ಇರುತ್ತೆ.

ಎರಡನೇ ಕಷ್ಟ ಪದದ ಚಹರೆಯದು. ಅಡ್ಯಾಪ್ಟ್, ಅಡೆಪ್ಟ್, ಅಡಾಪ್ಟ್: ರೋಮನ್ ಲಿಪಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ. ಇಂಥ ಪದಗಳಿಗೆ ಬಾಟಿಯಾ ಲಾಫರ್ 'ಸಿನ್‌ಫಾರ್ಮ್' ಅನ್ನೋ ಹೆಸರು ಕೊಟ್ಟರು. ಅಕಾರಾದಿ ಪಟ್ಟಿಯಲ್ಲಿ ಇವು ಒಂದರ ಪಕ್ಕ ಒಂದು ಬರುತ್ತವೆ. ಒಂದೇ ದಿನ ಮೂರನ್ನೂ ಕಲಿತರೆ ಮೂರೂ ಕಲಸಿಹೋಗುತ್ತವೆ.

ಮೂರನೆಯದೇ ಮುಖ್ಯ: ವಾಕ್ಯ. ಚೀನೀ ಭಾಷೆಯಲ್ಲಿ ನಾಮಪದವನ್ನು ವಿವರಿಸುವ ಮಾತೆಲ್ಲ ನಾಮಪದಕ್ಕಿಂತ ಮೊದಲೇ ಬಂದುಬಿಡುತ್ತೆ. "ನಾನು ನಿನ್ನೆ ಓದಿದ ಪುಸ್ತಕ" ಅನ್ನೋದನ್ನು ಅವರು 'ನಾನು-ನಿನ್ನೆ-ಓದು-ದ-ಪುಸ್ತಕ' ಎಂಬ ಕ್ರಮದಲ್ಲೇ ಹೇಳ್ತಾರೆ. ನಮ್ಮ ಕನ್ನಡದ್ದೂ ಇದೇ ಕ್ರಮ ಅಲ್ವಾ? ಕ್ರಿಯಾಪದದ ಜಾಗದಲ್ಲಿ ಎರಡು ಭಾಷೆ ಬೇರೆ, ಕಾಲಸೂಚಕ ಪ್ರತ್ಯಯ ನಮಗಿದೆ ಅವರಿಗಿಲ್ಲ, ಆದರೂ ಈ ಒಂದು ವಿಷಯದಲ್ಲಿ ನಾವು ಅವರು ಒಂದೇ ದಂಡೆಯಲ್ಲಿದ್ದೀವಿ. ಇಂಗ್ಲಿಷ್ ಆಚೆ ದಂಡೆ: ಮೊದಲು ಪುಸ್ತಕ, ಆಮೇಲೆ ಅದರ ಬಾಲ.

ಒಂದು ಉದಾಹರಣೆ ನಾನೇ ಮಾಡಿದ್ದೀನಿ, ನಿಧಾನ ಓದಿ: "ದಿ ಕ್ಲೇಮ್ ದಟ್ ದಿ ರಿವರ್ ಹ್ಯಾಡ್ ಚೇಂಜ್ಡ್ ಇಟ್ಸ್ ಕೋರ್ಸ್ ಬಿಫೋರ್ ದಿ ಟೌನ್ ವಾಸ್ ಬಿಲ್ಟ್ ರೆಸ್ಟ್ಸ್ ಆನ್ ಎ ಸಿಂಗಲ್ ಮ್ಯಾಪ್." 19 ಪದ. ಒಂದೂ ಕಠಿಣ ಪದವಲ್ಲ. ಆದರೆ ಎರಡನೇ ಪದವಾದ 'ಕ್ಲೇಮ್' ತನ್ನ ಕ್ರಿಯಾಪದ 'ರೆಸ್ಟ್ಸ್' ಸಿಗಲು ಹದಿನೈದನೇ ಪದದವರೆಗೆ ಕಾಯಬೇಕು. ಅವಸರದಲ್ಲಿ ಓದಿದವನು ಊರೇ ನಕ್ಷೆಯ ಮೇಲೆ ಕೂತಿದೆ ಅಂದುಕೊಳ್ತಾನೆ. ಕನ್ನಡದಲ್ಲಿ ಹೇಳಿ: "ಊರು ಕಟ್ಟುವ ಮೊದಲೇ ನದಿ ದಿಕ್ಕು ಬದಲಿಸಿತ್ತು ಎಂಬ ವಾದ ಒಂದೇ ಒಂದು ನಕ್ಷೆಯ ಮೇಲೆ ನಿಂತಿದೆ." ಈಗ ವಾದ ಎಲ್ಲಿದೆ, ಅದರ ಆಧಾರ ಎಲ್ಲಿದೆ ಎರಡೂ ಕಂಡವು. "ಒಂದೇ ಒಂದು" ಅಂದಾಗ ಲೇಖಕನಿಗೆ ಆ ವಾದದ ಮೇಲೆ ಪೂರ್ತಿ ನಂಬಿಕೆ ಇಲ್ಲ ಅನ್ನೋ ಸುಳಿವೂ ಸಿಕ್ಕಿತು. ಪರೀಕ್ಷೆಯ ಪ್ರಶ್ನೆ ಬರೋದು ಆ ಸುಳಿವಿನ ಮೇಲೆ.

4. ಅವರು ಹಿಡಿದ ದಾರಿಗಳು

ಮೊದಲ ದಾರಿ ಪಟ್ಟಿ. 1993ರಲ್ಲಿ ಬೀಜಿಂಗ್‌ನಲ್ಲಿ ನ್ಯೂ ಓರಿಯಂಟಲ್ ಶಾಲೆ ಕಟ್ಟಿದ ಯು ಮಿನ್‌ಹೊಂಗ್ ಅವರ ಜಿಆರ್‌ಇ ಪದಪುಸ್ತಕಕ್ಕೆ ವಿದ್ಯಾರ್ಥಿಗಳು ಇಟ್ಟ ಅಡ್ಡಹೆಸರು 'ಕೆಂಪು ರತ್ನದ ಪುಸ್ತಕ'. ಪದಪುಸ್ತಕಗಳ ಬಗ್ಗೆ ಅಲ್ಲಿ ಒಂದು ಹಳೇ ತಮಾಷೆ ಇದೆ. ಅಕಾರಾದಿಯಲ್ಲಿ ಮೊದಲು ಎದುರಾಗುವ ಪದ 'ಅಬ್ಯಾಂಡನ್', ಅಂದರೆ ಕೈಬಿಡು. ಹುಡುಗರು ಆ ಒಂದು ಪದ ಕಲಿತು ಅದನ್ನೇ ಪಾಲಿಸ್ತಾರೆ ಅಂತ!

ಎರಡನೆಯದು ಮರುಕಳಿಕೆ. ಹರ್ಮನ್ ಎಬಿಂಗ್‌ಹಾಸ್ 1885ರಲ್ಲಿ ಪ್ರಕಟಿಸಿದ ಮರೆವಿನ ರೇಖೆ ಚೀನಾದ ಪದಪುಸ್ತಕಗಳಲ್ಲಿ ಬಹಳ ಪ್ರಸಿದ್ಧ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬಹುಪಾಲು ಸೋರಿಹೋಗುತ್ತೆ, ಆಮೇಲೆ ಸೋರಿಕೆ ನಿಧಾನವಾಗುತ್ತೆ. ಹಾಗಾಗಿ ಮೊದಲು ಬೇಗ ಬೇಗ, ನಂತರ ಅಂತರ ಬಿಟ್ಟು ಮತ್ತೆ ನೋಡಬೇಕು. 'ಬಾಯ್‌ಚ್ಸಿಚಾನ್', 'ಶಾನ್‌ಬೇ'ಯಂಥ ಮೊಬೈಲ್ ಆ್ಯಪ್‌ಗಳು ಈ ಕೆಲಸವನ್ನು ಬಸ್ಸು ರೈಲಿಗೂ ತಂದವು.

ಇವೆರಡೂ ನೆನಪಿಗೆ ನೆರವು, ಓದಿಗೆ ಅಲ್ಲ. ಅದು ಬಯಲಾದದ್ದು ಜಿಆರ್‌ಇ ಬದಲಾದಾಗ. 2011ರ ಆಗಸ್ಟ್‌ವರೆಗೆ ಅದರಲ್ಲಿ ವಿರುದ್ಧಪದ, ಪದಸಂಬಂಧದ ಬಿಡಿ ಪ್ರಶ್ನೆಗಳಿದ್ದವು. ಪಟ್ಟಿ ಉರು ಹೊಡೆದವನಿಗೆ ಅವು ಸುಲಭದ ಬೇಟೆ. ಆಮೇಲೆ ಅವೆರಡನ್ನೂ ತೆಗೆದು, ವಾಕ್ಯದೊಳಗಿನ ಖಾಲಿ ತುಂಬುವ ಪ್ರಶ್ನೆಗಳನ್ನು ಇಟ್ಟರು. ಒಂದು ಬಗೆಯಲ್ಲಿ ಆರು ಪದ ಕೊಟ್ಟು, ವಾಕ್ಯಕ್ಕೆ ಒಂದೇ ಅರ್ಥ ತರುವ ಎರಡನ್ನು ಆರಿಸಿ ಅಂತಾರೆ. ಒಂದು ಸರಿ ಒಂದು ತಪ್ಪಾದರೆ ಅಂಕವೇ ಇಲ್ಲ. 'ಫ್ರೂಗಲ್' ಮತ್ತು 'ಪಾರ್ಸಿಮೋನಿಯಸ್' ಎರಡರ ಮುಂದೆಯೂ "ಕಡಿಮೆ ಖರ್ಚು ಮಾಡುವ" ಅಂತ ಬರೆದುಕೊಂಡವನು ಇಲ್ಲಿ ಸಿಕ್ಕಿಬೀಳ್ತಾನೆ. ಮೊದಲನೆಯದು ಮಿತವ್ಯಯ, ಎರಡನೆಯದು ಜಿಪುಣತನ.

ಮೂರನೇ ದಾರಿ ಇಲ್ಲಿಂದ ಮುಖ್ಯವಾಗುತ್ತೆ. ಅದಕ್ಕೆ ಅಲ್ಲಿ 'ಚಾಂಗ್-ನಾನ್-ಚ್ಯು' ಅಂತಾರೆ: ಉದ್ದದ ಕಷ್ಟದ ವಾಕ್ಯ. ಹಳೇ ಪ್ರಶ್ನೆಪತ್ರಿಕೆಯಿಂದ ದಿನಕ್ಕೆ ಒಂದೆರಡು ವಾಕ್ಯ ತಗೊಂಡು, ಮುಖ್ಯ ಕರ್ತೃ ಯಾವುದು, ಮುಖ್ಯ ಕ್ರಿಯಾಪದ ಯಾವುದು, ಯಾವ ತುಂಡು ಯಾವುದಕ್ಕೆ ಅಂಟಿದೆ ಅಂತ ಗೆರೆ ಎಳೀತಾರೆ. ಆಮೇಲೆ ಇಡೀ ವಾಕ್ಯವನ್ನು ಚೀನೀ ಭಾಷೆಯಲ್ಲಿ ಬರೀತಾರೆ. ಪದವೂ ಅಲ್ಲೇ ಸಿಗುತ್ತೆ, ಅದರ ಸಂಗಡಿಗರ ಸಮೇತ.

5. ನಮಗೆ ಇದರಿಂದೇನು?

ಒಂದು ಪದ ನೋಡಿ: 'ಸ್ಯಾಂಕ್ಷನ್'. ಇಂಗ್ಲಿಷಿನಲ್ಲಿ ಅದಕ್ಕೆ ಮಂಜೂರಾತಿ ಅನ್ನೋ ಅರ್ಥವೂ ಇದೆ, ದಂಡನೆ ಅನ್ನೋ ಅರ್ಥವೂ ಇದೆ. ಚೀನಾದ ವಿದ್ಯಾರ್ಥಿಗೆ ಸುದ್ದಿಯ ಮೂಲಕ ಸಾಮಾನ್ಯವಾಗಿ ಪರಿಚಯ ಆಗೋದು ದಂಡನೆ, ನಿರ್ಬಂಧ. ನಮಗೋ, "ಲೋನ್ ಸ್ಯಾಂಕ್ಷನ್ ಆಯ್ತಾ?" ಎಂದು ಕೇಳಿ ಕೇಳಿ ಮಂಜೂರಾತಿ ಮಾತ್ರ ಗೊತ್ತು. 'ಟೆಂಡರ್' ಅಂದರೆ ನಮಗೆ ಗುತ್ತಿಗೆ. ಮೃದು ಅನ್ನೋದು, ಸಲ್ಲಿಸು ಅನ್ನೋದು ಆಮೇಲೆ ನೆನಪಾಗುತ್ತೆ. ಅಂದರೆ ಚೀನೀ ಭಾಷಿಕನ ತೊಂದರೆ ಪರಿಚಯವೇ ಇಲ್ಲದ ಪದ, ನಮ್ಮದು ಪರಿಚಯ ಇದೆ ಅಂತ ನಂಬಿಸುವ ಪದ. ಕನ್ನಡದೊಳಗೆ ಬಂದು ಕೂತಿರುವ ಇಂಗ್ಲಿಷ್ ಪದಗಳನ್ನೇ ಮೊದಲು ಪಟ್ಟಿ ಮಾಡಿ, ಅವುಗಳ ಎರಡನೇ ಅರ್ಥ ಹುಡುಕಿ ಅಂತ ನನ್ನ ಸಲಹೆ. ಇದಕ್ಕೆ ದುಡ್ಡೂ ಬೇಡ, ಕೋಚಿಂಗೂ ಬೇಡ.

ಇನ್ನೊಂದು ತೊಡಕು ಗಡಿನಾಡಿನದೇ. ಕಾಸರಗೋಡಿನ ಹುಡುಗಿ ಕೋಚಿಂಗಿಗೆ ಹೋದರೆ ಇಂಗ್ಲಿಷ್ ಪದದ ಅರ್ಥವನ್ನು ಮಲಯಾಳದಲ್ಲಿ ಕೇಳ್ತಾಳೆ, ಸೊಲ್ಲಾಪುರದವನು ಮರಾಠಿಯಲ್ಲಿ. ಆ ಭಾಷೆಗಳು ಅವರಿಗೆ ಬರುತ್ತವೆ, ಅದು ಆಸ್ತಿಯೇ. ಆದರೆ ವಾಕ್ಯ ಬಿಡಿಸುವ ಸೂಕ್ಷ್ಮ ಕೆಲಸ ಅತಿ ಗಟ್ಟಿಯಾಗಿ ಬರುವ ಭಾಷೆಯಲ್ಲೇ ಆಗಬೇಕು. ಆ ಭಾಷೆ ಕನ್ನಡವಾಗಿದ್ದರೆ ಕನ್ನಡದಲ್ಲಿ ಬರೆಯಲಿ.

6. ಚರ್ಚೆಯಲ್ಲಿ ಬಂದ ಎರಡು ಪ್ರಶ್ನೆ

ಅರ್ಥವನ್ನು ಇಂಗ್ಲಿಷಿನಲ್ಲೇ ಬರೆದುಕೊಳ್ಳಬೇಕಾ ಅಂತ ಒಬ್ಬರು ಕೇಳಿದರು. ಮೊದಲ ಸಲಕ್ಕೆ ಕನ್ನಡದ ಒಂದು ಮಾತು ಸಾಕು, ಬೇಗ ಅಂಟುತ್ತೆ. ಎರಡನೇ ಸಲ ಅದೇ ಪದ ಕಂಡಾಗ ಆ ವಾಕ್ಯವನ್ನೇ ಬರೆದುಕೊಳ್ಳಿ. ಮೂರನೇ ಸಲ ಅದು ಹೊಗಳಿಕೆಯೋ ತೆಗಳಿಕೆಯೋ, ಯಾವ ಪದದ ಜೊತೆ ಬರುತ್ತೆ ಅಂತ ಗುರುತು ಹಾಕಿ. ದಿನಕ್ಕೆ 50 ಬೇಡ. 15 ಪದ, ಎರಡು ವಾಕ್ಯ, ಒಂದು ಪುಟ ಓದು. ಹಳೇ ಪದಗಳನ್ನು ಮರುದಿನ, ವಾರಕ್ಕೆ, ತಿಂಗಳಿಗೆ ಮತ್ತೆ ನೋಡಿ.

ಇನ್ನೊಬ್ಬರ ಪ್ರಶ್ನೆ ಗಂಭೀರವಾದದ್ದು: ಹಾಗಾದರೆ ಮಕ್ಕಳನ್ನು ಕನ್ನಡ ಶಾಲೆಗೆ ಕಳಿಸಿದ್ದೇ ತಪ್ಪಾಯ್ತಾ? ಗಡಿನಾಡಿನ ಕನ್ನಡ ಶಾಲೆಗಳ ಮುಂದಿರುವ ನಿಜವಾದ ಪ್ರಶ್ನೆ ಇದೇ, ಹಾಗಾಗಿ ಸ್ಪಷ್ಟವಾಗಿ ಉತ್ತರಿಸ್ತೀನಿ. ಚೀನಾದಲ್ಲಿ ಈ ಪರೀಕ್ಷೆಗಳನ್ನು ಬರೆಯುವವರಲ್ಲಿ ಹೆಚ್ಚಿನವರು ಗಣಿತ, ವಿಜ್ಞಾನ, ಚರಿತ್ರೆ ಎಲ್ಲವನ್ನೂ ಚೀನೀ ಭಾಷೆಯಲ್ಲೇ ಕಲಿತವರು. ಅವರ ಕೊರತೆ ಪದದ್ದು ಮತ್ತು ವಾಕ್ಯರಚನೆಯದು. ಎರಡೂ ದೊಡ್ಡವರಾದ ಮೇಲೆ ಕಲಿತು ತುಂಬಬಹುದಾದ ಕೊರತೆಗಳು. ಆದರೆ ಒಂದು ವಾದ ಎಲ್ಲಿ ಶುರುವಾಯಿತು, ಯಾವ ಆಧಾರದ ಮೇಲೆ ನಿಂತಿದೆ, ಬರೆದವರಿಗೆ ಅದರಲ್ಲಿ ಎಷ್ಟು ನಂಬಿಕೆ ಇದೆ ಅಂತ ಹಿಡಿಯುವ ಶಕ್ತಿ ಯಾವ ಪದಪಟ್ಟಿಯಿಂದಲೂ ಬರಲ್ಲ. ಅದು ಮಗು ತನಗೆ ಚೆನ್ನಾಗಿ ಅರ್ಥವಾಗುವ ಭಾಷೆಯಲ್ಲಿ ಬಹಳ ಓದಿದಾಗ ಬರುತ್ತೆ. ನಮ್ಮ ಶಾಲೆಗಳು ಅಷ್ಟು ಓದಿಸ್ತಾ ಇವೆಯಾ, ಅಲ್ಲಿ ಗ್ರಂಥಾಲಯ ಇದೆಯಾ, ಕನ್ನಡ ಬಲ್ಲ ಇಂಗ್ಲಿಷ್ ಮೇಷ್ಟ್ರು ಇದ್ದಾರಾ ಅಂತ ಕೇಳೋಣ. ಮಾಧ್ಯಮವನ್ನು ದೂರುವ ಮೊದಲು ಈ ಮೂರಕ್ಕೆ ಉತ್ತರ ಬೇಕು.

ಇಲ್ಲಿಗೆ ನಿಲ್ಲಿಸ್ತೀನಿ.