ಗಗನದಿಂದ ಕಂಡ ಕಂದರ

ಕಾಳಿದಾಸನ ರಘುವಂಶದ 13ನೆಯ ಸರ್ಗದಲ್ಲಿ ಶ್ರೀರಾಮನು ಪುಷ್ಪಕವಿಮಾನದಲ್ಲಿ ಕುಳಿತು, ಕೆಳಗೆ ಸರಿಯುತ್ತಿರುವ ಸಮುದ್ರ, ಗಿರಿ, ನದಿಗಳನ್ನು ಸೀತಾದೇವಿಗೆ ತೋರಿಸುತ್ತ ಬರುವನು. ಕವಿಯು ಕಲ್ಪನೆಯಿಂದ ಏರಿದ ಎತ್ತರಕ್ಕೆ ಈಚಿನವರು ಯಂತ್ರದಿಂದ ಏರಿದರು. ಕಂಡುದನ್ನು ಛಾಯಾಚಿತ್ರದಲ್ಲಿ ಹಿಡಿದೂ ಇಟ್ಟರು. ಅದರಿಂದಾದ ಒಂದು ಪ್ರಯೋಜನವನ್ನು ವಾಚಕರಿಗೆ ನಿವೇದಿಸುತ್ತೇನೆ.

1927ರಲ್ಲಿ ಅಟ್ಲಾಂಟಿಕ್ ಸಾಗರವನ್ನು ಒಂಟಿಯಾಗಿ ಹಾರಿ ದಾಟಿದ ಚಾರ್ಲ್ಸ್ ಲಿಂಡ್‌ಬರ್ಗನು 1929ರಲ್ಲಿ ವಿವಾಹವಾದನು. ಅದೇ ವರ್ಷ ಅವನೂ ಅವನ ಪತ್ನಿ ಆ್ಯನಳೂ ಅಮೆರಿಕೆಯ ನೈಋತ್ಯಭಾಗದ ಮರುಭೂಮಿಯ ಮೇಲೆ ಹಾರಾಡಿ, ಅರಿಜೋನದ ಡಿ ಶೇ ಕಂದರ, ನ್ಯೂ ಮೆಕ್ಸಿಕೋದ ಚಾಕೋ ಕಂದರ ಮೊದಲಾದವುಗಳ ಚಿತ್ರಗಳನ್ನು ತೆಗೆದರು. ಚಾಕೋದಲ್ಲಿ ಪ್ಯೂಬ್ಲೋ ಜನರ ಪೂರ್ವಿಕರು ಸುಮಾರು 850ರಿಂದ 1150ರವರೆಗೆ ಕಟ್ಟಿದ ಪ್ಯೂಬ್ಲೋ ಬೊನೀಟೋ ಎಂಬ ಮಹಾಗೃಹವುಂಟು. ಅದರಲ್ಲಿ 600ಕ್ಕೂ ಮಿಕ್ಕಿ ಕೋಣೆಗಳು. ನೆಲದಲ್ಲಿ ನಿಂತವನಿಗೆ ಮುರಿದ ಗೋಡೆಗಳು ಮಾತ್ರ ಕಾಣುವುವು. ಮೇಲಿನಿಂದಲಾದರೋ ಅರ್ಧಚಂದ್ರಾಕಾರದ ಇಡೀ ವಿನ್ಯಾಸವು ಅಂಗೈಯ ರೇಖೆಯಂತೆ ಗೋಚರಿಸುವುದು.

ಬಯಲಿಗೂ ಇದೇ ನ್ಯಾಯ. ಸೂರ್ಯನು ನೆತ್ತಿಯ ಮೇಲಿರುವಾಗ ಬಯಲು ಬರಿದಾಗಿ ತೋರುವುದು. ಪ್ರಾತಃಕಾಲ ಸಾಯಂಕಾಲಗಳಲ್ಲಿ ಬಿಸಿಲು ಓರೆಯಾಗಿ ಬೀಳಲು, ಅಲ್ಪವಾದ ತಗ್ಗು ದಿಣ್ಣೆಗಳೂ ನೆರಳು ಚೆಲ್ಲಿ ತಮ್ಮ ಇರವನ್ನು ತಿಳಿಸುವುವು. ಚಾಕೋದ ಸುತ್ತಣ ಬಯಲುಗಳಲ್ಲಿ ಬಾಣದಂತೆ ನೇರವಾಗಿ ಸಾಗುವ ಪ್ರಾಚೀನ ಮಾರ್ಗಗಳ ಜಾಡನ್ನು ವಿದ್ವಾಂಸರು 1970ರ ದಶಕದಲ್ಲಿ ವಿಮಾನಚಿತ್ರಗಳ ನೆರವಿನಿಂದಲೇ ವಿಶದವಾಗಿ ಗುರುತಿಸಿದರು. ಅವುಗಳಲ್ಲಿ ಕೆಲವು 9 ಮೀಟರಿನಷ್ಟು ಅಗಲ.

ಪ್ಯೂಬ್ಲೋ ಬೊನೀಟೋದ ಹಿಂದೆ, ಕಡಿದಾದ ಬೆಟ್ಟದಿಂದ ಬೇರ್ಪಟ್ಟ ಸುಮಾರು 30,000 ಟನ್ ತೂಕದ ಬಂಡೆಯೊಂದು ನಿಂತಿತ್ತು. ಪೂರ್ವಿಕರು ಅಪಾಯವನ್ನರಿತು ಅದರ ಬುಡಕ್ಕೆ ಕಲ್ಲಿನ ಕಟ್ಟೆಯನ್ನು ಕಟ್ಟಿ ಆಸರೆಯಿತ್ತಿದ್ದರು. 1941ರ ಜನವರಿಯಲ್ಲಿ ಆ ಬಂಡೆಯು ಉರುಳಿ ಸುಮಾರು 30 ಕೋಣೆಗಳನ್ನು ನೆಲಸಮ ಮಾಡಿತು. ಲಿಂಡ್‌ಬರ್ಗ್ ದಂಪತಿಗಳ ಚಿತ್ರಗಳು ಆ ಪತನಕ್ಕೆ 12 ವರ್ಷ ಹಿಂದಿನವು. ಮಣ್ಣುಗೂಡಿದ ಗೋಡೆಗಳು ಮತ್ತೆ ಏಳಲಾರವು. ಅವು ನಿಂತಿದ್ದ ಕಾಲಕ್ಕೆ ಸಾಕ್ಷಿ ಮಾತ್ರ ಉಳಿದಿದೆ.

ಏಡ್ರಿಯಲ್ ಹೈಸೀ ಎಂಬ ಛಾಯಾಗ್ರಾಹಕನು 2007-08ರಲ್ಲಿ ಅದೇ ಸ್ಥಳಗಳ ಮೇಲೆ ಹಾರಿ ಹೊಸ ಚಿತ್ರಗಳನ್ನು ತೆಗೆದನು. ಹಳೆಯದನ್ನೂ ಹೊಸದನ್ನೂ ಒಟ್ಟಿಗಿಟ್ಟು ನೋಡಿದರೆ, ಸುಮಾರು 80 ವರ್ಷಗಳಲ್ಲಿ ಉಳಿದುದೆಷ್ಟು, ಅಳಿದುದೆಷ್ಟು ಎಂಬುದು ತಿಳಿಯುವುದು.

ಆ ಹೋಲಿಕೆಯು ಸಾಧ್ಯವಾದುದು ಹಳೆಯ ಚಿತ್ರಗಳ ಸ್ಥಳವೂ ಕಾಲವೂ ತಿಳಿದಿದ್ದುದರಿಂದ. ಗೃಹಸ್ಥರು ತಮ್ಮ ಮನೆಯಲ್ಲಿರುವ ಹಳೆಯ ಚಿತ್ರಗಳ ಹಿಂಬದಿಯಲ್ಲಿಯೂ, ಬಲ್ಲ ಹಿರಿಯರು ಇರುವಾಗಲೇ, ಊರು, ಹೆಸರು, ವರ್ಷಗಳನ್ನು ಬರೆದಿಡುವುದು ಲೇಸು.