ವಾದ್ಯವೃಂದವನ್ನು ಮೀರುವ ಒಂಟಿ ಕಂಠ

1978ನೆಯ ಇಸವಿ ಜುಲೈ 9. ಜರ್ಮನಿಯ ಮ್ಯೂನಿಕ್ ನಗರದ ರಾಷ್ಟ್ರೀಯ ರಂಗಮಂದಿರದಲ್ಲಿ ‘ಲಿಯರ್’ ಎಂಬ ಹೊಸ ಗೀತನಾಟಕದ ಪ್ರಥಮ ಪ್ರಯೋಗ. ಷೇಕ್ಸ್‌ಪಿಯರನ ದುರಂತ ನಾಟಕವನ್ನು ಆಧರಿಸಿ ಅರಿಬರ್ಟ್ ರೈಮಾನ್ ಎಂಬ ಸಂಗೀತಕಾರನು ರಚಿಸಿದ ಕೃತಿಯಿದು. ರಾಜನ ಪಾತ್ರವನ್ನು ವಹಿಸಿದಾತನು ಡೀಟ್ರಿಖ್ ಫಿಷರ್-ಡೀಸ್ಕೌ. ಗೀತನಾಟಕದ ಸಂಪ್ರದಾಯದಂತೆ ಗಾಯಕನ ಮುಂದೆ ಮೈಕು ಇಲ್ಲ. ಆತನಿಗೂ ಶ್ರೋತೃಗಳಿಗೂ ನಡುವೆ ಪಿಟೀಲು, ಕಹಳೆ, ನಗಾರಿಗಳ ದೊಡ್ಡ ವಾದ್ಯವೃಂದ. ಆದರೂ 2,000ಕ್ಕಿಂತ ಹೆಚ್ಚು ಆಸನಗಳಿರುವ ಆ ಮಂದಿರದ ಕೊನೆಯ ಸಾಲಿಗೂ ಒಂಟಿ ಕಂಠವು ತಲುಪಬೇಕು. ಇದು ಹೇಗೆ ಸಾಧ್ಯ? ಗಟ್ಟಿಯಾಗಿ ಕೂಗಿದರಾಯಿತು ಎಂದು ವಾಚಕರು ಹೇಳಬಹುದು. ವಿಷಯವು ಅಷ್ಟು ಸುಲಭವಲ್ಲ.

ಪಾಶ್ಚಾತ್ಯ ಸಂಗೀತದಲ್ಲಿ ಪುರುಷಕಂಠಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸುತ್ತಾರೆ. ಎತ್ತರದ್ದು ಟೆನರ್, ತಗ್ಗಿನದು ಬಾಸ್, ಇವೆರಡರ ನಡುವಿನದು ಬ್ಯಾರಿಟೋನ್. ಫಿಷರ್-ಡೀಸ್ಕೌನದು ಬ್ಯಾರಿಟೋನ್ ಕಂಠ. ಈ ಬಗೆಯ ಗಾಯಕನ ಸ್ವರತಂತುಗಳು ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 110ರಿಂದ 390 ಬಾರಿ ಕಂಪಿಸುತ್ತವೆ. ಅತ್ಯಂತ ತಗ್ಗಿನ ಸ್ವರವನ್ನೇ ಒಂದು ಗಂಟೆಯ ಕಾಲ ಹಾಡಿದನೆಂದು ಭಾವಿಸಿದರೂ ಆ ತಂತುಗಳು 3,96,000 ಬಾರಿ ಒಂದಕ್ಕೊಂದು ತಾಕಿರುತ್ತವೆ. ಪ್ರತಿದಿನವೂ ಬಲಪ್ರಯೋಗ ಮಾಡಿದರೆ ಅವು ಬಾತುಕೊಂಡು, ಗಾಯಕನ ವೃತ್ತಿಜೀವನವೇ ಕೊನೆಗೊಳ್ಳಬಹುದು. ಅಲ್ಲದೆ ವಾದ್ಯವೃಂದದ ಶಕ್ತಿಯು ಅತ್ಯಧಿಕವಾಗಿರುವುದು ಸೆಕೆಂಡಿಗೆ ಸುಮಾರು 500 ಕಂಪನಗಳ ಆಸುಪಾಸಿನಲ್ಲಿ. ಆ ನೆಲೆಯಲ್ಲಿ ಅದರೊಡನೆ ಸ್ಪರ್ಧೆಗಿಳಿದ ಕಂಠಕ್ಕೆ ಸೋಲು ಖಂಡಿತ.

ಹಾಗಾದರೆ ಉಪಾಯವೇನು? ಸೆಕೆಂಡಿಗೆ 110 ಕಂಪನಗಳ ಸ್ವರವನ್ನು ಹಾಡಿದಾಗ ಹೊರಡುವುದು ಆ ಒಂದು ಸ್ವರವಷ್ಟೇ ಅಲ್ಲ. ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟು ಕಂಪನಗಳ ಉಪಸ್ವರಗಳೂ ಜೊತೆಗೂಡುತ್ತವೆ. ಇಪ್ಪತ್ತೈದರಷ್ಟಿರುವ ಉಪಸ್ವರದ ಕಂಪನಸಂಖ್ಯೆ 2,750. ಸಾಮಾನ್ಯ ಮಾತಿನಲ್ಲಿ ಇದು ಬಹಳ ಕ್ಷೀಣ. ಇದನ್ನು ಪುಷ್ಟಿಗೊಳಿಸುವುದರಲ್ಲಿಯೇ ಗಾಯಕನ ವಿದ್ಯೆಯಿದೆ.

ನಲ್ಲಿಯ ಕೆಳಗಿಟ್ಟ ಕೊಡವು ತುಂಬುತ್ತ ಬಂದಂತೆ ಅದರ ದನಿಯು ಏರುವುದನ್ನು ಎಲ್ಲರೂ ಕೇಳಿದ್ದೇವೆ. ಒಳಗಿನ ಗಾಳಿಯ ಅವಕಾಶ ಕಿರಿದಾದಷ್ಟೂ ಅದರ ಸಹಜ ಕಂಪನಸಂಖ್ಯೆ ಹೆಚ್ಚುತ್ತದೆ. ಆ ಸಂಖ್ಯೆಗೆ ಹೊಂದುವ ಧ್ವನಿಯನ್ನು ಗಾಳಿಯು ಎತ್ತಿಕೊಡುತ್ತದೆ. ಇದೇ ಅನುನಾದ. ನುರಿತ ಗಾಯಕನು ಧ್ವನಿಪೆಟ್ಟಿಗೆಯನ್ನು ಕೆಳಕ್ಕಿಳಿಸಿ ಗಂಟಲನ್ನು ಅಗಲಿಸುತ್ತಾನೆ. ಆಗ ಸ್ವರತಂತುಗಳ ಮೇಲಿರುವ ಕಿರುನಾಳವು ತಾನೇ ಒಂದು ಪುಟ್ಟ ಕೊಡವಾಗಿ, 2,500ರಿಂದ 3,000 ಕಂಪನಗಳ ನಡುವಿನ ಉಪಸ್ವರಗಳನ್ನು ಎತ್ತಿಹಿಡಿಯುತ್ತದೆ. 1970ರ ದಶಕದಲ್ಲಿ ಸ್ವೀಡನ್ನಿನ ಯೋಹಾನ್ ಸುಂಡ್‌ಬರ್ಗ್ ಎಂಬ ವಿಜ್ಞಾನಿಯು ಇದನ್ನು ವಿವರಿಸಿದನು. ಈ ನೆಲೆಯಲ್ಲಿ ವಾದ್ಯವೃಂದದ ಶಕ್ತಿ ಬಹಳ ಕಡಿಮೆ. ನಮ್ಮ ಕಿವಿಯಾದರೋ ಇಲ್ಲಿ ಅತಿ ಸೂಕ್ಷ್ಮ. ಎಂದಮೇಲೆ ಗಾಯಕನು ವಾದ್ಯಗಳನ್ನು ಬಲದಿಂದ ಗೆಲ್ಲುವುದಿಲ್ಲ; ಅವು ತೆರವಾಗಿ ಬಿಟ್ಟ ದಾರಿಯಲ್ಲಿ ನಡೆದುಹೋಗುತ್ತಾನೆ.

ಆದರೆ ಈ ಲಾಭಕ್ಕೆ ತೆರಬೇಕಾದ ಬೆಲೆಯೊಂದಿದೆ. ಧ್ವನಿಪೆಟ್ಟಿಗೆ ಕೆಳಗಿಳಿದಾಗ ಅ, ಇ, ಎ ಮುಂತಾದ ಸ್ವರಾಕ್ಷರಗಳ ಛಾಯೆಯೂ ತುಸು ಮಾರ್ಪಡುತ್ತದೆ. ಒಂದೇ ಪಿಯಾನೋದ ಜೊತೆಯಲ್ಲಿ ಕವಿತೆಗಳನ್ನು ಹಾಡುವ ಕಛೇರಿಯಲ್ಲಿ ಮಾತಿನ ಸ್ಪಷ್ಟತೆಯೇ ಪ್ರಾಣ. ಅಲ್ಲಿ ರಂಗಮಂದಿರದ ಕಂಠವನ್ನು ಹದಗೊಳಿಸಿ, ಆಡುಮಾತಿನ ಸಮೀಪಕ್ಕೆ ತರಬೇಕು. ಈ ಎರಡು ವಿದ್ಯೆಗಳನ್ನೂ ಕೈವಶ ಮಾಡಿಕೊಂಡ ವಿರಳರಲ್ಲಿ ಫಿಷರ್-ಡೀಸ್ಕೌ ಒಬ್ಬನು.

1925ರಲ್ಲಿ ಬರ್ಲಿನ್ನಿನಲ್ಲಿ ಜನಿಸಿದ ಈತನನ್ನು ಎರಡನೆಯ ಮಹಾಯುದ್ಧವು ಸಿಪಾಯಿಯನ್ನಾಗಿ ಮಾಡಿತು. 1945ರಲ್ಲಿ ಇಟಲಿಯಲ್ಲಿ ಅಮೆರಿಕನ್ನರಿಗೆ ಸೆರೆಸಿಕ್ಕಿ, ಎರಡು ವರ್ಷ ಶಿಬಿರಗಳಲ್ಲಿ ಸಹಬಂದಿಗಳಿಗಾಗಿ ಹಾಡಿದನು. ಬಿಡುಗಡೆಯಾದ ಮೇಲೆ 1948ರಲ್ಲಿ ಬರ್ಲಿನ್ನಿನ ಗೀತನಾಟಕ ಮಂದಿರದಲ್ಲಿ, ವೆರ್ಡಿಯ ‘ಡಾನ್ ಕಾರ್ಲೋಸ್’ ಕೃತಿಯ ಪೋಸಾ ಪಾತ್ರದಿಂದ ರಂಗವನ್ನು ಪ್ರವೇಶಿಸಿದನು. ಇನ್ನೊಂದೆಡೆ 1966ರಿಂದ 1972ರವರೆಗೆ ಜೆರಾಲ್ಡ್ ಮೂರ್ ಎಂಬಾತನ ಪಿಯಾನೋದೊಡನೆ ಷೂಬರ್ಟನ 400ಕ್ಕೂ ಮಿಕ್ಕ ಗೀತೆಗಳನ್ನು ಧ್ವನಿಮುದ್ರಿಸಿದನು.

1962ರ ಮೇ 30ರಂದು ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಈತನು ಹಾಡಿದುದನ್ನು ಇಲ್ಲಿ ಸ್ಮರಿಸಬೇಕು. 1940ರಲ್ಲಿ ಜರ್ಮನ್ ಬಾಂಬುಗಳಿಗೆ ಆಹುತಿಯಾದ ದೇವಾಲಯದ ಪಕ್ಕದಲ್ಲಿ ಹೊಸತೊಂದನ್ನು ಕಟ್ಟಲಾಗಿತ್ತು. ಅದಕ್ಕಾಗಿ ಬೆಂಜಮಿನ್ ಬ್ರಿಟನ್ ‘ವಾರ್ ರೆಕ್ವಿಯಂ’ ಎಂಬ ಕೃತಿಯನ್ನು ರಚಿಸಿದ್ದನು. ಇಂಗ್ಲಿಷ್ ಟೆನರ್ ಪೀಟರ್ ಪಿಯರ್ಸನ ಪಕ್ಕದಲ್ಲಿ, ಹಿಂದೆ ಶತ್ರುಸೈನ್ಯದಲ್ಲಿದ್ದ ಈ ಜರ್ಮನ್ ಗಾಯಕನು ನಿಂತನು. ಮೇಳಗಾನಕ್ಕೆ ದೊಡ್ಡ ವಾದ್ಯವೃಂದವನ್ನು ಕೊಟ್ಟ ಬ್ರಿಟನ್, ಈ ಇಬ್ಬರು ಸೈನಿಕರ ದನಿಗಳಿಗೆ ಕೇವಲ 12 ವಾದಕರ ಕಿರುಮೇಳವನ್ನು ಕೊಟ್ಟನು. ಅವರ ಒಂದೊಂದು ಮಾತೂ ಕೇಳಿಸಬೇಕೆಂಬುದು ಆ ಏರ್ಪಾಡಿನಿಂದಲೇ ವ್ಯಕ್ತವಾಗುತ್ತದೆ.

ಪಿಟೀಲಿನ ತಂತಿ ಹರಿದರೆ ಹೊಸತನ್ನು ಬಿಗಿಯಬಹುದು. ಕಂಠಕ್ಕೆ ಆ ಸೌಲಭ್ಯವಿಲ್ಲ. ವಯಸ್ಸಾದಂತೆ ಸ್ವರತಂತುಗಳ ಮೃದುತ್ವವೂ ಉಸಿರಿನ ಬಲವೂ ಕುಗ್ಗುತ್ತವೆ. ಅಂತಹ ತಂತುಗಳನ್ನು ಸುಮಾರು 45 ವರ್ಷ ಕಾಪಾಡಿಕೊಂಡ ಫಿಷರ್-ಡೀಸ್ಕೌ, 1992ರ ಡಿಸೆಂಬರ್ 31ರಂದು ಮ್ಯೂನಿಕ್‌ನಲ್ಲಿ ಹಾಡಿ, ತನ್ನ 67ನೆಯ ವಯಸ್ಸಿನಲ್ಲಿ ಗಾಯನವನ್ನು ನಿಲ್ಲಿಸಿದನು, 2012ರಲ್ಲಿ ತೀರಿಕೊಂಡನು. ಆತನ ಧ್ವನಿಮುದ್ರಿಕೆಗಳು ಇಂದಿಗೂ ದೊರೆಯುತ್ತವೆ. ಪಿಯಾನೋದೊಡನೆ ಹಾಡಿದುದೊಂದನ್ನೂ ವಾದ್ಯವೃಂದದೊಡನೆ ಹಾಡಿದುದೊಂದನ್ನೂ ಒಂದರ ಹಿಂದೊಂದು ಕೇಳಿನೋಡಿ. ಕಂಠವು ಒಂದೇ, ಗಂಟಲೊಳಗಿನ ಗಾಳಿಯ ರೂಪ ಬೇರೆ.