ಊರ ಸಭೆಗೆ ಬರಲಿ ಲೋಕದ ಮಾತು

2022ರ ಮಾರ್ಚ್ 1. ಉಕ್ರೇನಿನ ಖಾರ್ಕಿವ್ ನಗರದಲ್ಲಿ ಆಹಾರ ತರಲು ಹೊರಬಂದಿದ್ದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬ ಶೆಲ್ ದಾಳಿಗೆ ಬಲಿಯಾದ. ಕರ್ನಾಟಕದ ಎಷ್ಟೋ ಮನೆಗಳಲ್ಲಿ ಖಾರ್ಕಿವ್ ಎಂಬ ಹೆಸರು ಕೇಳಿಬಂದದ್ದು ಅಂದೇ ಮೊದಲು. ಉಕ್ರೇನಿನ ಪೂರ್ವಭಾಗದಲ್ಲಿ 2014ರಿಂದಲೇ ಕಾಳಗ ನಡೆದಿತ್ತು. ಆದರೆ ಮಕ್ಕಳನ್ನು ದೂರದೇಶಕ್ಕೆ ಕಳಿಸುವ ತಂದೆ-ತಾಯಿಗೆ ಇಂಥ ಸಂಗತಿಯನ್ನು ಬಿಡಿಸಿ ಹೇಳುವ ವೇದಿಕೆ ಯಾವ ತಾಲ್ಲೂಕು ಊರಿನಲ್ಲಿತ್ತು?

ವಿದೇಶಾಂಗ ವ್ಯವಹಾರವೆಂದರೆ ದೆಹಲಿಯವರ ಕೆಲಸ, ಇಂಡಿ, ಸಿಂದಗಿಗಳಿಗೆ ಅದರಿಂದೇನು ಎಂದು ಕೇಳುವವರುಂಟು. ಸಿಂದಗಿಯ ತೊಗರಿ ಹೊಲವನ್ನೇ ನೋಡೋಣ. 2016ರಲ್ಲಿ ಭಾರತವು ಆಫ್ರಿಕಾದ ಮೊಜಾಂಬಿಕ್ ದೇಶದೊಂದಿಗೆ ತೊಗರಿ ಆಮದಿನ ಒಪ್ಪಂದ ಮಾಡಿಕೊಂಡಿತು. 2021ರಲ್ಲಿ ತೊಗರಿ ಆಮದಿನ ಮೇಲಿದ್ದ ನಿರ್ಬಂಧವನ್ನು ತೆಗೆಯಲಾಯಿತು. ಹೊರಗಿನಿಂದ ಕಾಳು ಬಂದರೆ ಪಟ್ಟಣದ ಗೃಹಿಣಿಗೆ ಬೇಳೆ ಅಗ್ಗವಾಗಬಹುದು, ಬೆಳೆದವನಿಗೆ ದರ ಇಳಿಯಬಹುದು. ಎರಡೂ ಮಾತು ನಿಜ. ಈ ಎರಡನ್ನೂ ಒಂದೇ ವೇದಿಕೆಯಲ್ಲಿ ತೂಗಿ ನೋಡುವುದೇ ಒಳ್ಳೆಯ ಉಪನ್ಯಾಸದ ಕೆಲಸ.

ನೆಲದಲ್ಲೇ ಇರುವ ಪಾಠ

ಹಿಂದೆ ಬಸವನ ಬಾಗೇವಾಡಿ ತಾಲ್ಲೂಕಿನಲ್ಲಿದ್ದು ಈಗ ನಿಡಗುಂದಿ ತಾಲ್ಲೂಕಿಗೆ ಸೇರಿರುವ ಆಲಮಟ್ಟಿಯ ಜಲಾಶಯಕ್ಕೆ ಲಾಲ್ ಬಹಾದ್ದೂರ್ ಶಾಸ್ತ್ರಿ ಸಾಗರವೆಂದು ಹೆಸರು. 1964ರಲ್ಲಿ ಅದಕ್ಕೆ ಅಡಿಗಲ್ಲು ಇಟ್ಟವರೂ ಅವರೇ. ಪ್ರಧಾನಿಯಾದ ಶಾಸ್ತ್ರಿಯವರು 1965ರ ಯುದ್ಧದ ನಂತರ 1966ರ ಜನವರಿ 10ರಂದು ತಾಷ್ಕೆಂಟಿನಲ್ಲಿ ಪಾಕಿಸ್ತಾನದ ಅಯೂಬ್ ಖಾನ್ ಜತೆ ಒಪ್ಪಂದಕ್ಕೆ ಸಹಿ ಹಾಕಿದರು. ಆ ರಾತ್ರಿಯೇ ಅಲ್ಲಿ ತೀರಿಕೊಂಡರು. ಅಣೆಕಟ್ಟಿನ ಪ್ರವಾಸಕ್ಕೆ ಹೋಗುವ ಎಷ್ಟು ಹುಡುಗರಿಗೆ ಈ ಕಥೆ ಗೊತ್ತು?

ಮುದ್ದೇಬಿಹಾಳದ ನೆರೆಯ ತಾಳಿಕೋಟೆಯ ಹೆಸರು 1565ರ ಯುದ್ಧದಿಂದ ಚರಿತ್ರೆಯಲ್ಲಿ ಉಳಿದಿದೆ. ವಿಜಯನಗರದ ಸೈನ್ಯಕ್ಕೆ ಬೇಕಾದ ಕುದುರೆಗಳು ಅರಬಸ್ಥಾನ, ಪರ್ಷಿಯಾಗಳಿಂದ ಸಮುದ್ರ ದಾಟಿ ಬರುತ್ತಿದ್ದವು. 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವೆಯನ್ನು ಕಸಿದುಕೊಂಡ ಪೋರ್ಚುಗೀಸರ ಕೈಯಲ್ಲಿ ಆ ವ್ಯಾಪಾರವಿತ್ತು. ಲೋಕದ ರಾಜಕಾರಣ ಈ ನೆಲಕ್ಕೆ ಹೊಸದಲ್ಲ.

ಹಿಂದಿನವರ ದಾರಿ

ಪುಣೆಯಲ್ಲಿ ಮಹಾದೇವ ಗೋವಿಂದ ರಾನಡೆಯವರು ವಸಂತ ವ್ಯಾಖ್ಯಾನಮಾಲೆಯನ್ನು ಆರಂಭಿಸಿದ್ದು 1875ರಲ್ಲಿ. ಬೆಂಗಳೂರಿನ ಬಸವನಗುಡಿಯಲ್ಲಿ 1945ರಲ್ಲಿ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ವಿಶ್ವ ಸಂಸ್ಕೃತಿ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಸ್ಥಾಪಿಸಿದರು. ಶ್ರೀಸಾಮಾನ್ಯನಿಗೂ ಲೋಕವಿಚಾರ ತಿಳಿಯಬೇಕು ಎಂಬುದೇ ಇವರೆಲ್ಲರ ಹಂಬಲವಾಗಿತ್ತು.

ವಿಜಯಪುರ ಜಿಲ್ಲೆಯ ಜನಕ್ಕೆ ಕೇಳುವ ತಾಳ್ಮೆ ಇಲ್ಲವೆನ್ನುವಂತಿಲ್ಲ. 2023ರ ಜನವರಿ 2ರಂದು ನಿಧನರಾದ ಸಿದ್ಧೇಶ್ವರ ಸ್ವಾಮೀಜಿಯವರ ಪ್ರವಚನಕ್ಕೆ ಸಾವಿರಾರು ಜನ ಕೂಡುತ್ತಿದ್ದರು, ಸದ್ದಿಲ್ಲದೆ ಕೇಳುತ್ತಿದ್ದರು. ಕಿವಿ ಸಿದ್ಧವಾಗಿದೆ, ವಿಷಯ ಒದಗಿಸಬೇಕಷ್ಟೆ.

ಹೇಗೆ ನಡೆಸಬೇಕು?

ಇದಕ್ಕೆ ದೊಡ್ಡ ಖರ್ಚು ಬೇಕಿಲ್ಲ. ಕಾಲೇಜಿನ ಒಂದು ಕೋಣೆ, ಗೋಡೆಗೆ ಜಗತ್ತಿನ ನಕ್ಷೆ, ತಿಂಗಳಿಗೊಂದು ಭಾನುವಾರ ಇದ್ದರೆ ಸಾಕು. ಬಿತ್ತನೆ, ಸುಗ್ಗಿಯ ದಿನಗಳನ್ನು ಮಾತ್ರ ಬಿಡಬೇಕು. ಒಂದು ಸಭೆಗೆ ಒಂದೇ ವಿಷಯ. ಮೊದಲ ಹತ್ತು ನಿಮಿಷ ವಿದ್ಯಾರ್ಥಿಯೊಬ್ಬ ಆ ದೇಶ ಎಲ್ಲಿದೆ, ನೆರೆಯವರಾರು, ಜಗಳವೇನು ಎಂಬುದನ್ನು ನಕ್ಷೆಯ ಮೇಲೆ ತೋರಿಸಲಿ. ನಂತರ ನಲವತ್ತು ನಿಮಿಷ ಉಪನ್ಯಾಸ. ಕೊನೆಯ ಅರ್ಧ ಗಂಟೆ ಪ್ರಶ್ನೆಗಳಿಗೆ ಮೀಸಲು. ಎದ್ದು ನಿಂತು ಕೇಳಲು ಅಂಜುವ ಹುಡುಗಿಯರು ಚೀಟಿಯಲ್ಲಿ ಬರೆದು ಕೊಡಬಹುದು. ಶಾಲು, ಹಾರ, ಸ್ವಾಗತ ಭಾಷಣಗಳಿಗೆ ಹೋಗುವ ಹೊತ್ತು ಉಳಿದರೆ ಪ್ರಶ್ನೆಗಳಿಗೆ ಜಾಗ ತಾನಾಗಿ ಸಿಗುತ್ತದೆ.

ಭಾಷಣಕಾರರು ಎಲ್ಲಿ ಸಿಗುತ್ತಾರೆ? ರಾಜ್ಯಶಾಸ್ತ್ರ, ಅರ್ಥಶಾಸ್ತ್ರದ ಅಧ್ಯಾಪಕರಿದ್ದಾರೆ. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗಳಿಗೆ ಭಾರತ ಇದುವರೆಗೆ 2 ಲಕ್ಷಕ್ಕೂ ಹೆಚ್ಚು ಜನರನ್ನು ಕಳಿಸಿದೆ. ಅಂಥ ಸೇವೆ ಮುಗಿಸಿ ಬಂದ ಮಾಜಿ ಸೈನಿಕರು ಹತ್ತಿರದಲ್ಲಿದ್ದರೆ ಅವರಿಗಿಂತ ಒಳ್ಳೆಯ ಸಾಕ್ಷಿ ಯಾರು? ನಿವೃತ್ತ ರಾಯಭಾರಿಗಳು ವಿಶ್ವವಿದ್ಯಾಲಯಗಳಲ್ಲಿ ಮಾತನಾಡುವ ಉಪನ್ಯಾಸ ಮಾಲೆಯನ್ನು ವಿದೇಶಾಂಗ ಸಚಿವಾಲಯವು 2010ರಲ್ಲಿ ಆರಂಭಿಸಿತು. ಕನ್ನಡ ಬಲ್ಲ ಇಂಥ ಅನುಭವಿಗಳಿಗೆ ಕಾಲೇಜುಗಳು ಪತ್ರ ಬರೆದು ಕರೆಯಬಹುದು.

ಒಂದು ಎಚ್ಚರ ಮಾತ್ರ ಅಗತ್ಯ. ಯುದ್ಧದ ವಿಷಯ ಬಂದಾಗ ಮಾತು ಬೇಗ ಕಾವೇರುತ್ತದೆ. ಮೊಬೈಲಿನಲ್ಲಿ ಬಂದ ಚಿತ್ರವನ್ನೇ ಸತ್ಯವೆಂದು ನಂಬುವವರು ಬಹಳ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬದೆ ಎರಡು-ಮೂರು ಬಾರಿ ತೆಗೆಯುವಂತೆ, ಸುದ್ದಿಯನ್ನೂ ಎರಡು-ಮೂರು ಕಡೆ ಪರೀಕ್ಷಿಸುವುದನ್ನು ಹುಡುಗರು ಕಲಿಯಬೇಕು. ಅಧ್ಯಕ್ಷರಾದವರು ಪಕ್ಷದ ಮಾತಿಗೆ ಅವಕಾಶ ಕೊಡದೆ, ಎದುರು ವಾದಕ್ಕೂ ಅಷ್ಟೇ ಸಮಯ ಕೊಡಬೇಕು. ಹೇಳುವವರು, ಕೇಳುವವರು ಒಟ್ಟಿಗೆ ಕೂತು ವಿಚಾರ ಮಾಡುವ ಅನುಭವ ಮಂಟಪದ ನೆನಪು ಬಸವಣ್ಣನವರ ಬಾಗೇವಾಡಿಗೆ ಹೊಸದೇನಲ್ಲ.

ದೇಶ ಸುತ್ತಬೇಕು, ಕೋಶ ಓದಬೇಕು ಎನ್ನುತ್ತಾರೆ ಹಿರಿಯರು. ಎಲ್ಲರಿಗೂ ದೇಶ ಸುತ್ತಲಾಗದು. ಆದರೆ ಮಗನನ್ನೋ ಮಗಳನ್ನೋ ವಿಮಾನ ಹತ್ತಿಸುವ ಮುನ್ನ ಆ ನಾಡಿನ ಬಗ್ಗೆ ನಾಲ್ಕು ಮಾತು ಕೇಳಿ, ಎರಡು ಪ್ರಶ್ನೆ ಹಾಕಲು ತಂದೆ-ತಾಯಿಗೆ ತಮ್ಮೂರಿನಲ್ಲೇ ಒಂದು ಜಾಗವಿರಲಿ. ಲೋಕದ ಸುದ್ದಿ ದುಃಖದ ಫೋನ್ ಕರೆಯಾಗಿ ಮನೆಗೆ ಬರುವುದಕ್ಕಿಂತ, ಭಾನುವಾರದ ಉಪನ್ಯಾಸವಾಗಿ ಮೊದಲೇ ಬರುವುದು ಲೇಸಲ್ಲವೇ?